ಹೆಪ್ಪಿನ ಕರಾರು

ಮಾಸ್ತರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಎದುರು ನಿಲ್ಲಿಸಿದ್ದ ಫಲಕದಿಂದ. ಮೇಲಿನ ಮೂಲೆಯಲ್ಲಿ ಬಸ್‌ಪಾಸಿನ ಫೋಟೊದಷ್ಟು ಮಾಸ್ತರ ಮುಖ. ಕೆಳಗೆ 'ಶೋಕತಪ್ತರು' ಎಂಬ ಸಾಲಿನಡಿ ಊರಿನ ಗಣ್ಯರೆಲ್ಲ ಕರಿಕನ್ನಡಕ ಹಾಕಿಕೊಂಡು, ಫೋನು ಕಿವಿಗೆ ಹಚ್ಚಿಕೊಂಡು ದುಃಖಿಸುತ್ತಿದ್ದರು. ಒಬ್ಬರಂತೂ ಎರಡು ಬೆರಳೆತ್ತಿ ಗೆಲುವಿನ ಗುರುತು ತೋರಿಸುತ್ತಿದ್ದರು. ಪಾಪ, ಬೇರೆ ಫೋಟೊ ಸಿಕ್ಕಿರಲಿಕ್ಕಿಲ್ಲ. ಇವರಲ್ಲಿ ಅರ್ಧ ಮಂದಿ ಮಾಸ್ತರು ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದವರು. ನಾನು ಮಾಸ್ತರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದರ ಕೆಳಗೆ ತಮ್ಮದೂ ಒಂದು ಇರಲಿ ಎಂದು ಯಾರಾದರೂ ನನ್ನ ಮನೆ ಬಾಗಿಲಿಗೆ ಬಂದಾರು.

ಬಜಾರದ ಓಣಿಯಲ್ಲಿ ಕೆಳಗೆ ನನ್ನ ಛಾಪಖಾನೆ, ಮೇಲೆ ಅವರ ಟೈಪಿಂಗ್ ಕ್ಲಾಸು. ಎಂಬತ್ತರ ದಶಕ ಪೂರ್ತಿ ಅವರ ವಿದ್ಯಾರ್ಥಿಗಳು ನನ್ನ ತಲೆಯ ಮೇಲೆ ಕುಟ್ಟಿದ್ದಾರೆ. ಅವರ ಸಪ್ಪಳಕ್ಕೆ ನಾನು ಬೈಯುವುದು, ನನ್ನ ಯಂತ್ರದ ಸಪ್ಪಳಕ್ಕೆ ಅವರು ಬೈಯುವುದು, ಹೀಗೆ ಬೈದಾಡಿಕೊಂಡೇ ಸ್ನೇಹಿತರಾದೆವು. ಮಾಸ್ತರ ಅಂಗಿಯ ಕಿಸೆಯಲ್ಲಿ ಪೆನ್ನು ಇರುತ್ತಿರಲಿಲ್ಲ, ಸ್ಕ್ರೂಡ್ರೈವರ್ ಇರುತ್ತಿತ್ತು. "ಮುಚ್ಚಿದ್ದೇನರೆ ಕಂಡ್ರ ನನ್ನ ಹೊಟ್ಯಾಗ ಸಂಕಟ ಆಗ್ತೈತಿ ನೋಡು" ಎನ್ನುತ್ತಿದ್ದರು. ಚಹಾದಂಗಡಿಯ ರೇಡಿಯೊ, ಡಾಕ್ಟರ ಮನೆಯ ಹೊಲಿಗೆ ಯಂತ್ರ, ನನ್ನ ಗೋಡೆ ಗಡಿಯಾರ ಎಲ್ಲವನ್ನೂ ಬಿಚ್ಚಿ ನೋಡಿದ್ದರು. ಬಿಚ್ಚಿದ್ದೆಲ್ಲ ಮೊದಲಿನಂತೆ ಕೂಡುತ್ತಿತ್ತು ಎಂದೇನೂ ಅಲ್ಲ. ನನ್ನ ಗಡಿಯಾರವನ್ನು ತಿರುಗಿ ಕೊಟ್ಟಾಗ ಅವರ ಅಂಗೈಯಲ್ಲಿ ಒಂದು ಸಣ್ಣ ಹಲ್ಲಿನ ಚಕ್ರ ಉಳಿದಿತ್ತು. "ಇದು ಜಾಸ್ತಿ ಇತ್ತು" ಎಂದರು. ಅಂದಿನಿಂದ ಆ ಗಡಿಯಾರ ಮನಸ್ಸಿಗೆ ಬಂದಾಗ ಗಂಟೆ ಹೊಡೆಯುತ್ತದೆ.

ಯಾರಿಗೆ ಏನು ಕೊಟ್ಟರೂ ಒಂದು ಕರಾರು ಹಚ್ಚಿ ಕೊಡುವುದು ಅವರ ಚಟ. ನನ್ನ ಹೆಂಡತಿಗೆ ಒಮ್ಮೆ ಕರಿಬೇವಿನ ಸಸಿ ತಂದು ಕೊಟ್ಟರು. "ತಗೋರಿ ಅಕ್ಕಾರ. ಆದ್ರ ನಾಳೆ ಯಾರರೆ ಬಂದು ಇದರ ಸಸಿ ಕೇಳಿದ್ರ ಇಲ್ಲನ್ನಬಾರ್ದು. ಕೊಡೂ ಮುಂದ ಅವರಿಗೂ ಇದನ್ನ ಹೇಳಿ ಕೊಡಬೇಕು."

"ಒಂದು ಕರಿಬೇವಿನ ಗಿಡಕ್ಕ ಇಷ್ಟೆಲ್ಲಾ ಕಟ್ಲೆ ಏನ್ರಿ?" ಎಂದು ನನ್ನ ಹೆಂಡತಿ ನಕ್ಕಳು.

"ಹೆಪ್ಪು ಕೊಡೂದಿಲ್ಲೇನ್ರಿ ನೀವು? ಬಾಜೂ ಮನಿಯವರು ಬಟ್ಟಲ ಹಿಡಕೊಂಡು ಬಂದ್ರ ಚಮಚ ಮಸರ ಹಾಕ್ತೀರಿ. ಅದರಿಂದ ಅವರು ಗಡಿಗಿ ಮಸರ ಮಾಡಿಕೋತಾರ. ನಾಳೆ ನಿಮ್ಮ ಮನ್ಯಾಗ ಹೆಪ್ಪು ತೀರಿದ್ರ ಅವರು ಕೊಡ್ತಾರ. ಯಾರ ಮನಿ ಹೆಪ್ಪು ಯಾರ ಮನಿಗೆ ಬಂತು ಅಂತ ಕೋರ್ಟಿಗೆ ಹೋದವರನ್ನ ನೋಡೀರೇನು?"

ನೋಡಿರಲಿಲ್ಲ. ಆದರೆ ಕೋರ್ಟಿಗೆ ಹೋಗದಿದ್ದರೂ ಹೆಪ್ಪಿಗಾಗಿ ಜಗಳಾಡುವವರನ್ನು ಮಾಸ್ತರು ಮುಂದೆ ತೋರಿಸಿದರು.

ತೊಂಬತ್ತರ ದಶಕ ಶುರುವಾದ ಮೇಲೆ ಟೈಪಿಂಗ್ ಕ್ಲಾಸಿನ ಮೂಲೆಗೆ ಒಂದು ಕಂಪ್ಯೂಟರು ಬಂತು. ಊರವರು ಅದನ್ನು ನೋಡಲು ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. ಮಾಸ್ತರು ಅದರ ಮುಂದೆ ಕೂತು, ಕನ್ನಡ ಮತ್ತು ಮರಾಠಿ ಎರಡೂ ಅಕ್ಷರಗಳನ್ನು ಒಂದೇ ಹಾಳೆಯ ಮೇಲೆ ಮೂಡಿಸುವ ಪ್ರೋಗ್ರಾಮೊಂದನ್ನು ಬರೆದರು. ನಮ್ಮ ಗಡಿಯಲ್ಲಿ ಅದು ದೊಡ್ಡ ಮಾತು. ಇಲ್ಲಿ ಗಂಡಿನ ಕಡೆಯವರು ಕನ್ನಡ ಓದಿದರೆ ಹೆಣ್ಣಿನ ಕಡೆಯವರು ಮರಾಠಿ ಓದುತ್ತಾರೆ. ಲಗ್ನಪತ್ರಿಕೆ ಎರಡರಲ್ಲೂ ಬೇಕು. ಪ್ರಿಂಟರು ಚುಕ್ಕಿ ಚುಕ್ಕಿಯಾಗಿ ಕಿರುಗುಟ್ಟುತ್ತ ಪತ್ರಿಕೆಯ ಮೂಲಪ್ರತಿ ತೆಗೆಯುತ್ತಿತ್ತು, ಅದರಿಂದ ಸ್ಕ್ರೀನ್ ಹಾಕಿ ಬೇಕಾದಷ್ಟು ಛಾಪಿಸಬಹುದಿತ್ತು. ಇದರಿಂದ ನನ್ನ ಅಚ್ಚುಮೊಳೆಗಳ ಧಂದೆಗೆ ಕುತ್ತು ಬಂತು. ಆದರೂ ಅದನ್ನು ಮೊದಲು ಮೆಚ್ಚಿದವನು ನಾನೇ. ಅಕ್ಷರಗಳು ಅಷ್ಟು ಚೆಂದ ಇದ್ದವು, ಏನು ಮಾಡಲಿ?

ಮಾಸ್ತರು ಅದನ್ನು ಫ್ಲಾಪಿಗೆ ಹಾಕಿ ಕೇಳಿದವರಿಗೆಲ್ಲ ಸುಮ್ಮನೆ ಕೊಡತೊಡಗಿದರು. ಸುಮ್ಮನೆ ಎಂದರೆ ಕರಾರು ಹಚ್ಚಿ. ಪ್ರೋಗ್ರಾಮು ತೆರೆದೊಡನೆ ಮೊದಲು ಅದೇ ಕಾಣುತ್ತಿತ್ತು. ಒಂದು, ಇದನ್ನು ಯಾರು ಬೇಕಾದರೂ ಬಳಸಬಹುದು, ಪ್ರತಿ ತೆಗೆದು ಹಂಚಬಹುದು. ಎರಡು, ತಿದ್ದಬಹುದು, ತಿದ್ದಿದವರು ತಮ್ಮ ಹೆಸರನ್ನೂ ಏನು ತಿದ್ದಿದರೆಂಬುದನ್ನೂ ಇಲ್ಲಿ ಬರೆಯಬೇಕು, ಹಿಂದಿನವರ ಹೆಸರು ಅಳಿಸಬಾರದು. ಮೂರು, ಕೊಡುವಾಗ ಒಳಗಿನ ಬರಹವನ್ನೂ ಕೂಡಿಸಿಯೇ ಕೊಡಬೇಕು, ಬೀಗ ಹಾಕಬಾರದು. ಒಳಗಿನ ಬರಹ ಎಂದರೆ ಮನುಷ್ಯ ಓದಿ ತಿದ್ದಬಲ್ಲ ಮೂಲ; ಅದಿಲ್ಲದಿದ್ದರೆ ಪ್ರೋಗ್ರಾಮು ಓಡುತ್ತದೆ, ಆದರೆ ಅದರ ಒಂದು ಕೂದಲನ್ನೂ ಕೊಂಕಿಸಲಾಗದು. ನಾಲ್ಕು, ನಿಮಗೆ ಯಾವ ಕರಾರಿನ ಮೇಲೆ ಸಿಕ್ಕಿತೋ ಅದೇ ಕರಾರಿನ ಮೇಲೆ ಮುಂದಿನವರಿಗೆ ಕೊಡಬೇಕು. ಕಡೆಗೆ ನನ್ನ ಒತ್ತಾಯದ ಮೇಲೆ ಇನ್ನೊಂದು ಸೇರಿತು: ಪತ್ರಿಕೆಯಲ್ಲಿ ತಪ್ಪಾಗಿ ಲಗ್ನ ಮುರಿದರೆ ಮಾಸ್ತರು ಜವಾಬ್ದಾರರಲ್ಲ. ಜನ ಇದಕ್ಕೆ ಹೆಪ್ಪಿನ ಕರಾರು ಎಂದು ಹೆಸರಿಟ್ಟರು. ಓದಿದವರು ಮಾತ್ರ ಒಬ್ಬರೂ ಇರಲಿಲ್ಲ.

ಬಿಟ್ಟಿ ಕೊಡುತ್ತಾರೆಂದರೆ ನಮ್ಮ ಕಡೆ ಮೊದಲು ಹುಟ್ಟುವುದು ಸಂಶಯ. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಯ ದಾಸ್ತಾನು ವ್ಯಾಪಾರ ಬಿಟ್ಟು ಹೊಸದಾಗಿ ಕಂಪ್ಯೂಟರ್ ಅಂಗಡಿ ಹಾಕಿದ್ದ ಸಾಹುಕಾರನೊಬ್ಬ ಫ್ಲಾಪಿಯನ್ನು ಮೂಸಿ ನೋಡಿ, "ಫುಕಟ? ಹ್ಯಾತ್ ಕಾಹೀತರೀ ಗಡಬಡ ಆಹೆ ಮಾಸ್ತರ. ಏನೋ ಐತ್ರಿ ಇದರಾಗ" ಎಂದು ತಿರುಗಿ ಕೊಟ್ಟಿದ್ದ. ರಾಯಬಾಗದವನೊಬ್ಬ ಮಾತ್ರ ತೆಗೆದುಕೊಂಡು ಹೋಗಿ, ಪತ್ರಿಕೆಯ ಸುತ್ತ ಮಾವಿನೆಲೆಯ ತೋರಣ ಮೂಡುವಂತೆ ಮಾಡಿ, ತನ್ನ ಹೆಸರು ಬರೆದು ತಿರುಗಿ ಕಳಿಸಿದ. ಮಾಸ್ತರು ಆ ಫ್ಲಾಪಿ ಹಿಡಿದುಕೊಂಡು ಬಜಾರವೆಲ್ಲ ತಿರುಗಿದರು.

ಆ ಹೆಸರೇ ಮುಂದೆ ಮುಳುವಾಯಿತು. ಲಗ್ನಪತ್ರಿಕೆಯ ಹೆಸರುಗಳ ಮಹಿಮೆ ಬಲ್ಲವನು ನಾನು. ನಮ್ಮಲ್ಲಿ ಗಂಡು ಯಾರು, ಹೆಣ್ಣು ಯಾರು ಎಂಬುದನ್ನು ಯಾರೂ ನೋಡುವುದಿಲ್ಲ. ಕೆಳಗೆ ಆಗಮನಾಭಿಲಾಷಿಗಳು, ವ್ಯವಸ್ಥಾಪಕರು, ಪ್ರೇಷಕರು ಎಂದಿರುತ್ತದಲ್ಲ, ಕನ್ನಡಕ ಹುಡುಕಿ ತಂದು ಓದುವುದು ಅದನ್ನು. ಸಣ್ಣ ಮಾವನ ಹೆಸರು ದೊಡ್ಡ ಭಾವನ ಮೇಲೆ ಬಂತೆಂದು ಹಂದರದಲ್ಲೇ ಬಡಿದಾಡಿದವರ ಪತ್ರಿಕೆಯನ್ನು ನಾನೇ ಎರಡು ಸಲ ಛಾಪಿಸಿ ಕೊಟ್ಟಿದ್ದೇನೆ. ಅಂಥ ಜನಕ್ಕೆ, ಪರದೆ ತೆರೆದೊಡನೆ ರಾಯಬಾಗದವನ ಹೆಸರು ಕಂಡಿತು. "ಅವಂದೈತಿ, ನಮ್ಮದ್ಯಾಕಿಲ್ಲ?" ಎಂದು ಶುರುವಾಯಿತು. ಅಥಣಿಯ ಅಂಗಡಿಯವನು ಏನೂ ತಿದ್ದದೆ ತನ್ನ ಹೆಸರು ಬರೆದ. ಅದರ ಮೇಲೆ ಸೊಸಾಯಟಿಯ ಚೇರಮನ್ನರನ್ನು 'ಪ್ರೋತ್ಸಾಹಕರು' ಎಂದು ಕೂರಿಸಿದ. ಕಾಗವಾಡದವರು ಇದನ್ನು ನೋಡಿ ತಮ್ಮ ಗಣ್ಯರನ್ನು 'ಮಾರ್ಗದರ್ಶಕರು' ಮಾಡಿದರು. ಆಶೀರ್ವಾದ ಮಾಡಿದವರು, ಸಹಕಾರ ಕೊಟ್ಟವರು, ಕಂಪ್ಯೂಟರು ಇಟ್ಟ ಮೇಜನ್ನು ಕೊಟ್ಟವರು ಎಲ್ಲರೂ ಬಂದರು. ಕಟ್ಟಕಡೆಗೆ, ಪತ್ರಿಕೆಗಳಲ್ಲಿ ಮಕ್ಕಳ ಹೆಸರಿನಲ್ಲಿ ಹಾಕುವ ಹಾಗೆ, 'ನಮ್ಮ ಕಾಕಾನ ಪ್ರೋಗ್ರಾಮ ಬಳಸಾಕ ಮರೀಬ್ಯಾಡ್ರಿ ಹಾಂ! ಚಿ. ಪಿಂಟ್ಯಾ, ಕು. ಸೋನಿ' ಎಂದೂ ಬಂತು. ಪ್ರೋಗ್ರಾಮು ತೆರೆದು, ಹೆಸರುಗಳೆಲ್ಲ ಉರುಳಿ ಮುಗಿಯುವುದರೊಳಗೆ ಒಂದು ಚಹಾ ಕುಡಿದು ಬರಬಹುದಿತ್ತು.

ಫ್ಲಾಪಿಯಲ್ಲಿ ಜಾಗವೆಷ್ಟಿರುತ್ತದೆ? ಒಂದು ದಿನ ತುಂಬಿತು. ಇನ್ನೊಂದು ಹೆಸರು ಹಿಡಿಯಲೊಲ್ಲದು. ಅಥಣಿಯವನು ವಿಚಾರ ಮಾಡಿ ಒಳಗಿನ ಬರಹವನ್ನು ಪೂರ್ತಿ ತೆಗೆದು ಹಾಕಿದ. ಮಾಸ್ತರು ಕೇಳಿದ್ದಕ್ಕೆ ಅವನು ಮುಗ್ಧನಾಗಿ, "ಸಿಟ್ಟಾಗಬ್ಯಾಡ್ರಿ. ಅದನ್ನ ಯಾರ ಓದ್ತಾರ್ರಿ? ಹೆಸರಾದ್ರ ಎಲ್ಲಾರೂ ಓದ್ತಾರ" ಎಂದ.

ಮಾಸ್ತರು ಅಂದು ನನ್ನ ಛಾಪಖಾನೆಯ ಸ್ಟೂಲಿನ ಮೇಲೆ ಕೂತು ಚಹಾ ಮುಟ್ಟಲಿಲ್ಲ. "ಲಗ್ನಪತ್ರಿಕೆಯೊಳಗ ಗಂಡ-ಹೆಣ್ಣಿನ ಹೆಸರ ತಗದು ಬೀಗರ ಹೆಸರ ಅಷ್ಟ ಇಟ್ಟಂಗ ಆತಲ್ಲೋ" ಎಂದರು. ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಮೂಲವಿಲ್ಲದ, ಹೆಸರುಗಳೇ ತುಂಬಿದ ಆ ಪ್ರತಿ ನಿಪ್ಪಾಣಿಯ ಸಾಹುಕಾರನ ಕೈಗೆ ಹೋಯಿತು. ಈಗ ಅವನಿಗೆ ಅದರಲ್ಲಿ ಗಡಬಡ ಏನೂ ಕಾಣಲಿಲ್ಲ. ಕರಾರು, ಹೆಸರುಗಳಿದ್ದ ಹಾಳೆ ಬೇರೆ ಕಡತದಲ್ಲಿದ್ದುದರಿಂದ ಅದನ್ನು ತಿದ್ದಲು ಮೂಲ ಬೇಕಿರಲಿಲ್ಲ; ಕರಾರುಗಳನ್ನು ಅಳಿಸಿ, ತನ್ನ ಅಂಗಡಿಯ ಹೆಸರು ಮೇಲೆ ಹಚ್ಚಿ, ಹೊರಗಿನಿಂದ ಗುಪ್ತಪದದ ಬೀಗ ಹಾಕಿ, ತಾನು ಮಾರುವ ಪ್ರತಿ ಕಂಪ್ಯೂಟರಿನ ಜೊತೆ ಅದನ್ನೂ ಮಾರತೊಡಗಿದ. ಮಾಸ್ತರು ನನ್ನನ್ನು ಕಟ್ಟಿಕೊಂಡು ನಿಪ್ಪಾಣಿಗೆ ಹೋದರು.

"ತಿದ್ದಬಹುದು ಅಂತ ನೀವ ಬರದೀರಲ್ರಿ ಮಾಸ್ತರ," ಎಂದ ಸಾಹುಕಾರ, ಕುರ್ಚಿ ಸರಿಸುತ್ತ. "ನಾ ತಿದ್ದೀನಿ. ಏನ ತಿದ್ದೀನಂದ್ರ, ಬೀಗ ಹಾಕೀನಿ."

"ಬೀಗ ಹಾಕಬಾರದಂತ ಮೂರನೇ ಕರಾರ ಐತಿ!"

"ಅದನ್ನೂ ತಿದ್ದೀನ್ರಿ."

"ಕರಾರ ತಿದ್ದಾಕ ನಿನಗ ಹಕ್ಕ ಕೊಟ್ಟಾರ್ಯಾರು?"

"ತಿದ್ದಬಹುದು ಅಂದ ಮ್ಯಾಲ ಇಷ್ಟ ತಿದ್ದು, ಅಷ್ಟ ಬಿಡು ಅಂತೆಲ್ಲಿ ಬರದೀರಿ? ಜಾಊ ದ್ಯಾ. ಬಿಡ್ರಿ ಅತ್ತ. ಚಹಾ ಕುಡೀರಿ."

ಮಾಸ್ತರು ಚಹಾ ಕುಡಿಯದೆ ಎದ್ದರು. ನಾನು ಕುಡಿದೆ, ಬಸ್ಸಿಗಿನ್ನೂ ಹೊತ್ತಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಮಾಸ್ತರು, "ಅವನ ವಾದದಾಗ ತಪ್ಪೆಲ್ಲೈತಿ ಹೇಳು ನೋಡೂಣು" ಎಂದರು. "ವಾದದಾಗ ಇಲ್ರಿ, ಮನಶಾನಾಗ ಐತಿ" ಎಂದೆ. ಅದಕ್ಕೆ ಕರಾರು ಬರೆಯುವುದು ಹೇಗೆಂದು ಅವರಿಗೂ ಹೊಳೆಯಲಿಲ್ಲ.

ಹೀಗಿರುವಾಗ ಸುಜಾತಾ ಬಂದಳು. ಒಂದು ಕಾಲಕ್ಕೆ ಮಾಸ್ತರ ಕ್ಲಾಸಿನಲ್ಲಿ ಕಲಿತವಳು. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಕಚೇರಿಯಲ್ಲಿದ್ದಳು. ಆ ನೌಕರಿ ಬಿಟ್ಟು, ಸಾಹುಕಾರನಿಂದ ಕಂಪ್ಯೂಟರು ಕೊಂಡು, ಕಾರ್ಖಾನೆಯ ರಸ್ತೆಯಲ್ಲಿ ಪತ್ರಿಕೆ ಮಾಡಿಕೊಡುವ ಅಂಗಡಿ ಹಾಕಿದ್ದಳು. ಅವಳ ಗಿರಾಕಿಗಳು ಹೆಚ್ಚಾಗಿ ಅವಳ ಓಣಿಯವರು, ಬೌದ್ಧ ಧರ್ಮಕ್ಕೆ ಸೇರಿದ ದಲಿತರು. ಅವರ ಪತ್ರಿಕೆಯ ನೆತ್ತಿಯಲ್ಲಿ 'ನಮೋ ಬುದ್ಧಾಯ' ಎಂದಿರಬೇಕು. ಆದರೆ ಏನು ಮಾಡಿದರೂ ಕಂಪ್ಯೂಟರಿನ ಜೊತೆ ಬಂದ ಆ ಪ್ರೋಗ್ರಾಮು ಮೇಲೆ 'ಶ್ರೀ ಗಣೇಶಾಯ ನಮಃ' ಎಂದೇ ಮೂಡಿಸುತ್ತಿತ್ತು. ಅವಳು ಪ್ರತಿ ಸಲ ಬಿಳಿ ಬಣ್ಣ ಬಳಿದು, ಅದರ ಮೇಲೆ ಬೇರೆ ಚೀಟಿ ಅಂಟಿಸಿ ಛಾಪಿಸುತ್ತಿದ್ದಳು. ಒಂದು ಮದುವೆಗೆ ಬಣ್ಣ ತೆಳುವಾಗಿ, ಬುದ್ಧನ ಹಿಂದೆ ಗಣಪತಿ ಮಸುಕಾಗಿ ಇಣುಕಿದ. ಗಂಡಿನ ಕಡೆಯ ಹಿರಿಯರು ಪತ್ರಿಕೆಗಳನ್ನೆಲ್ಲ ತಂದು ಅವಳ ಅಂಗಡಿಯ ಕಟ್ಟೆಯ ಮೇಲೆ ಸುರಿದು ಹೋದರು.

"ನಮ್ಮವ್ರ ನಮ್ಮ ಅಂಗಡಿಗೆ ಬರವಲ್ರು ಸರ್," ಎಂದಳು. "ಹಿಂಗ ಆದ್ರ ಬಾಗಲಾ ಹಾಕೂದ. ಕಾಟಾದವರು ನನ್ನ ಜಾಗಾಕ್ಕ ಬ್ಯಾರೆಯವರನ್ನ ತಗೊಂಡ್ಬಿಟ್ಟಾರ. ಸಾಹುಕಾರರಿಗೆ ಆ ಮ್ಯಾಲಿನ ಸಾಲು ತಗದ ಕೊಡ್ರಿ ಅಂದ್ರ, ಕಂಪನಿ ಮಾಲ ಐತಿ, ಮುಟ್ಟಾಕ ಬರೂದಿಲ್ಲ ಅಂತಾರ. ನಮ್ಮ ಮನಿ ಪತ್ರಿಕೆಯೊಳಗ ಮದಲ ಇನ್ನೊಬ್ಬರದು ಮೂಡೂದು, ಆಮ್ಯಾಲೆ ನಾವು ಬಣ್ಣ ಬಡಕೊಂಡು ಕೂಡೂದು. ಯಾಕ್ರಿ?"

ಮಾಸ್ತರ ಮುಖ ಕೆಂಪೇರಿತು. ಸಾಹುಕಾರನ ಮೇಲಿನ ಸಿಟ್ಟೆಂದು ನಾನು ತಿಳಿದೆ. "ಆ ಸಾಲು ಅವ ಹಾಕಿದ್ದಲ್ಲ ಬೇ," ಎಂದರು. "ನಾನ ಹಾಕಿದ್ದು. ನಾ ನೋಡಿದ ಪತ್ರಿಕೆಯೊಳಗೆಲ್ಲಾ ಅದ ಇತ್ತು. ಎಲ್ಲಾರದೂ ಹಂಗ ಇರ್ತೈತಿ ಅಂತ ತಿಳದಿದ್ನಿ. ಅವ ಬೀಗ ಹಾಕಿದ್ದು ಆಮ್ಯಾಲಿನ ಮಾತು." ಎದ್ದು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು. "ನನ್ನ ಪ್ರತಿಯೊಳಗ ಒಳಗಿನ ಬರಹ ಇನ್ನೂ ಐತಿ. ಕೂಡು. ನೀನ ತಿದ್ದು."

ಅವಳು ತಿದ್ದಿದಳು. ಗಣಪತಿಯನ್ನು ತೆಗೆದು ಬುದ್ಧನನ್ನು ಕೂರಿಸುತ್ತಾಳೆಂದು ನಾನು ತಿಳಿದಿದ್ದೆ. ಹಾಗೆ ಮಾಡಲಿಲ್ಲ. ನೆತ್ತಿಯ ಸಾಲನ್ನು ಖಾಲಿ ಬಿಟ್ಟು, ಪ್ರೋಗ್ರಾಮು ತೆರೆದೊಡನೆ 'ಮೇಲೆ ಏನು ಬರೆಯಬೇಕು?' ಎಂದು ಕೇಳುವಂತೆ ಮಾಡಿದಳು. ಯಾರ ಮನೆಯ ಲಗ್ನವೋ ಅವರು ಹೇಳಲಿ ಎಂದು. ಮಾಸ್ತರು ಅದನ್ನು ನೋಡಿ ತಮ್ಮ ಹಣೆಗೆ ತಾವೇ ತಟ್ಟಿಕೊಂಡರು. "ಅಯ್ಯ, ಇಷ್ಟ ಇತ್ತೇನು! ಕೇಳಿದ್ರ ಮುಗೀತಿತ್ತು!"

ಆಮೇಲೆ ಅವಳ ಹೆಸರು ಬರೆಯಹೋದರು. ಅವಳು ಕೈ ಅಡ್ಡ ಹಿಡಿದಳು.

"ಹೆಸರ ಬ್ಯಾಡ್ರಿ ಸರ್."

"ಎರಡನೇ ಕರಾರ. ತಿದ್ದಿದವರು ಬರೀಬೇಕು."

"ಗೊತ್ರಿ. ಆದ್ರ ಕಾಂಬಳೆ ಅಂತ ನಮ್ಮ ಓಣಿ ಅಡ್ಡಹೆಸರ ಮ್ಯಾಲ ಕಂಡ್ರ ಆ ನಿಪ್ಪಾಣಿಯವ್ರು, ಅಥಣಿಯವ್ರು ಈ ಫ್ಲಾಪಿ ಮುಟ್ತಾರೇನ್ರಿ? ನಿಮ್ಮ ಕೆಲಸ ಇಲ್ಲೇ ನಿಂದರ್ತೈತಿ. ಸಾಹುಕಾರಂದ ಓಡ್ತೈತಿ. ನನಗ ನನ್ನ ಅಂಗಡಿ ನಡದ್ರ ಸಾಕ್ರಿ."

ಮೇಜು ಮುಟ್ಟಿದವರೆಲ್ಲ ತಮ್ಮ ಹೆಸರು ತುರುಕಿದ ಜಾಗದಲ್ಲಿ, ಕೆಲಸ ಮಾಡಿದವಳು ತನ್ನದು ಬೇಡ ಎನ್ನುತ್ತಿದ್ದಳು. ಮಾಸ್ತರು ಕರಾರಿನ ಮನುಷ್ಯ, ರೇಗುತ್ತಾರೆಂದು ಕಾದೆ. ಅವರು ರೇಗಲಿಲ್ಲ. ಕೀಲಿಗಳ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಹೆಸರ ನಿಂದು. ನೀ ಹೇಳಿದಂಗ" ಎಂದರು.

ಸುಜಾತಾ ಪರದೆಯ ಮೇಲೆ ರಾಯಬಾಗದವನ ಹೆಸರಿನ ಕೆಳಗಿನ ಖಾಲಿ ಜಾಗಕ್ಕೆ ಬೆರಳಿಟ್ಟಳು.

"ಹಾಕ್ರಿ," ಎಂದಳು. "ಅಳಿಸೂದಿದ್ರ ಅವರ ಕೈಲೆ ಅಳಿಸ್ಲಿ. ನಾ ಯಾಕ ಅಳಿಸಿಕೊಳ್ಳಲಿ?"

'ಸುಜಾತಾ ಕಾಂಬಳೆ, ಉಗಾರ ಖುರ್ದ. ಮೇಲಿನ ಸಾಲನ್ನು ಖಾಲಿ ಮಾಡಿದ್ದಾರೆ. ಯಾರ ಮನೆಯ ಲಗ್ನವೋ ಅವರು ತುಂಬಬೇಕು.' ಮಾಸ್ತರು ಹೀಗೆ ಬರೆದು, ಕೆಲಸ ಮಾಡದವರ ಹೆಸರುಗಳು ಇಲ್ಲದ ಆ ಹೊಸ ಪ್ರತಿಯನ್ನು ಹಂಚಲು ಸುತ್ತಲಿನ ಊರುಗಳ ಅಂಗಡಿಯವರನ್ನು ನನ್ನ ಛಾಪಖಾನೆಗೆ ಕರೆದರು. ಬಂದರು. ಅವಲಕ್ಕಿ ತಿಂದರು. ಪರದೆ ನೋಡಿದರು. ರಾಯಬಾಗದವನ ಹೆಸರಿನ ಕೆಳಗೆ ಆ ಹೆಸರು. ಕಾಗವಾಡದವನು ತಟ್ಟೆ ಕೆಳಗಿಟ್ಟ. ಅಥಣಿಯವನು ಗಂಟಲು ಸರಿಮಾಡಿಕೊಂಡು, "ಜಾತಿ-ಗೀತಿ ನಾವೇನ ನೋಡೂದಿಲ್ರಿ," ಎಂದ. "ಆದ್ರ ನಮ್ಮ ಚೇರಮನ್ನರ ಹೆಸರ ತಗದು ಇದೊಂದನ್ನ ಇಟ್ರ ಅವರಿಗೇನನಸ್ತೈತಿ ಹೇಳ್ರಿ?" ನಿಪ್ಪಾಣಿಯ ಸಾಹುಕಾರ ಇದಕ್ಕಾಗಿಯೇ ಕಾದಿದ್ದವನಂತೆ, "ನನ್ನ ಪ್ರೋಗ್ರಾಮಿನಾಗ ಎಲ್ಲಾರ ಹೆಸರೂ ಹಾಕ್ತೀನ್ರಿ, ಫೋಟೊ ಸುದ್ದಾ" ಎಂದ. ಸಭೆ ಅಲ್ಲಿಗೆ ಮುಗಿಯಿತು. ಎಲ್ಲರೂ ಅವನ ಜೀಪಿನಲ್ಲೇ ಹತ್ತಿ ಹೋದರು. ಮಾಸ್ತರು ಮೇಜಿನ ಮೇಲೆ ಉಳಿದ ಫ್ಲಾಪಿಗಳನ್ನು ಜೋಡಿಸಿಟ್ಟರು.

ಆದರೆ ಮದುವೆಯ ದಿನಗಳು ಬಂದವಲ್ಲ, ಆಗ ಅದೇ ಅಂಗಡಿಯವರು ಒಬ್ಬೊಬ್ಬರೇ ಹಿಂದಿನ ಬಾಗಿಲಿನಿಂದ ಬಂದರು. ಅವರ ಗಿರಾಕಿಗಳಲ್ಲಿ ಜೈನರು ನೆತ್ತಿಯಲ್ಲಿ ತಮ್ಮ ತೀರ್ಥಂಕರರನ್ನು ಕೇಳಿದರು. ಲಿಂಗಾಯತರು ತಮ್ಮ ಗುರುಗಳನ್ನು ಕೇಳಿದರು. ಮುಸಲ್ಮಾನರು ತಮ್ಮದು ಬೇಕೆಂದರು. ಸಾಹುಕಾರನ ಪ್ರೋಗ್ರಾಮಿನಲ್ಲಿ ಎಲ್ಲರಿಗೂ ಗಣಪತಿಯೇ ಗತಿ. ಖಾಲಿ ಸಾಲು ಇದ್ದದ್ದು ಸುಜಾತಾಳದರಲ್ಲಿ. ಅಂಗಡಿಯವರು ಫ್ಲಾಪಿ ಒಯ್ದರು, ಮನೆಗೆ ಹೋಗಿ ಮೊದಲು ಅವಳ ಹೆಸರು ಅಳಿಸಿದರು, ಆಮೇಲೆ ಆ ಖಾಲಿ ಸಾಲನ್ನು ಧಾರಾಳವಾಗಿ ಬಳಸಿದರು. ಉಗಾರದಲ್ಲಿ ಅವಳ ಓಣಿಯವರೂ ಅವಳ ಅಂಗಡಿಗೆ ತಿರುಗಿ ಬಂದರು. ಅಂಗಡಿ ಉಳಿಯಿತು. ಹೆಸರು ಮಾತ್ರ ಎಲ್ಲೂ ಉಳಿಯಲಿಲ್ಲ.

ಅಕ್ಷರ ಒಡೆಯಿತು, ಚುಕ್ಕಿ ಸರಿ ಬೀಳವಲ್ದು ಎಂದು ಆ ಫ್ಲಾಪಿಗಳು ಮತ್ತೆ ಚಿಕ್ಕೋಡಿಗೆ ರಿಪೇರಿಗೆ ಬರುತ್ತಿದ್ದವು. ಮಾಸ್ತರು ಮೊದಲು ಅವಳ ಹೆಸರನ್ನು ತಿರುಗಿ ಟೈಪು ಮಾಡುತ್ತಿದ್ದರು, ಆಮೇಲೆ ರಿಪೇರಿ. ಅಂಗಡಿಯವರು ಮತ್ತೆ ಅಳಿಸುತ್ತಿದ್ದರು. ಇವರು ಮತ್ತೆ ಬರೆಯುತ್ತಿದ್ದರು. "ಬಿಡ್ರಿ ಮಾಸ್ತರ, ಎಷ್ಟಂತ ಬರೀತೀರಿ?" ಎಂದರೆ, "ನನಗ ಟೈಪಿಂಗ್ ಬರ್ತೈತಿ" ಎಂಬ ಉತ್ತರ. ವರ್ಷಗಳು ಹೀಗೇ ಹೋದವು. ಅವರಿಗೆ ಹುಚ್ಚೆಂದು ಬಜಾರದಲ್ಲಿ ಎಲ್ಲರೂ ಒಪ್ಪಿದ್ದರು. ನಾನೂ ಒಪ್ಪಿದ್ದೆ, ಆದರೆ ಅಂಥ ಹುಚ್ಚಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಒಂದು ದಿನ ಅಥಣಿ ಕಡೆಯ ಬಸ್ಸಿನ ಕಂಡಕ್ಟರ್ ಒಬ್ಬ ಫ್ಲಾಪಿ ತಂದು ಕೊಟ್ಟು ಹೋದ. ಅಥಣಿ ಆಚೆಯ ಅನಂತಪುರವೆಂಬ ಹಳ್ಳಿಯ ಯಾರೋ ಕಳಿಸಿದ್ದು, ನಮಗೆ ಗುರುತಿಲ್ಲ. ನಾನು ಕೆಳಗೆ ಹಾಳೆ ಕತ್ತರಿಸುತ್ತಿದ್ದೆ. ಮೇಲಿಂದ ಕೂಗು ಕೇಳಿತು. "ಲೇ! ಮ್ಯಾಲ ಬಾರಲೇ!" ಮಾಸ್ತರು ಬಿದ್ದರೋ ಏನೋ ಎಂದು ಓಡಿದೆ. ಅವರು ಪರದೆಗೆ ಬೆರಳು ಹಚ್ಚಿಕೊಂಡು ನಿಂತಿದ್ದರು. ಸುಜಾತಾಳ ಹೆಸರು ಇದ್ದಲ್ಲೇ ಇತ್ತು. ಅದರ ಕೆಳಗೆ, 'ಮರಾಠಿ ಜೋಡಕ್ಷರ ಒಡೆಯುತ್ತಿದ್ದವು, ಸರಿ ಮಾಡಿದ್ದೇನೆ' ಎಂದು ಬರೆದು, ಬರೆದವನು ತನ್ನ ಹೆಸರು ಹಾಕಿದ್ದ. ಒಳಗಿನ ಬರಹವನ್ನೂ ಕೂಡಿಸಿ ಕಳಿಸಿದ್ದ.

"ಓದ್ಯಾನಲೇ!" ಮಾಸ್ತರ ಕಣ್ಣಲ್ಲಿ ನೀರಿತ್ತು. "ಒಬ್ಬ ಕರಾರ ಓದ್ಯಾನ!"

ಅಂದೇ ಉಗಾರಕ್ಕೆ ಹೊರಟರು. ನಾನೂ ಹೋದೆ. ಕಬ್ಬಿನ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಅವಳ ಅಂಗಡಿ ಮುಟ್ಟಿದಾಗ ಕಟ್ಟೆಯ ಮುಂದೆ ಗಿರಾಕಿಗಳು ನಿಂತಿದ್ದರು. ಮಾಸ್ತರು ನೇರ ಒಳಗೆ ಹೋಗಿ ಫ್ಲಾಪಿ ಹಾಕಿದರು. ಸುಜಾತಾ ಬಗ್ಗಿ ನೋಡಿದಳು. ತನ್ನ ಹೆಸರನ್ನು ಬಾಯಿಬಿಟ್ಟು ಓದಿದಳು, ಆಮೇಲೆ ಅವನದನ್ನು.

"ಇವರು ಯಾರ್ರಿ ಸರ್?"

"ಯಾವನಿಗ್ಗೊತ್ತು? ನಾ ಅವನ ಮಾರೀನ ನೋಡಿಲ್ಲ."

"ಮತ್ತ ಅಳಿಸಿಲ್ಲಲ್ರಿ."

"ಅಳಿಸಿಲ್ಲ."

ಅವಳು ಸೆರಗಿನ ತುದಿಯಿಂದ ಪರದೆ ಒರೆಸಿದಳು. ಹೊರಗಿನಿಂದ ಒಬ್ಬ ಮುದುಕ, "ಬಾಯಾರ, ನಮ್ಮ ಪತ್ರಿಕೆ ಎಷ್ಟೊತ್ತಿಗ್ರಿ?" ಎಂದು ಕೂಗಿದ.

"ಒಂದ ಸ್ವಲ್ಪ ನಿಂದರ್ರಿ ಕಾಕಾ," ಎಂದಳು ಸುಜಾತಾ, ಹೊರಳಿ ನೋಡದೆ. "ನಾ ಇದನ್ನ ಇನ್ನೊಮ್ಮೆ ಓದ್ತೀನಿ."